ಸೈಕಿಯಾಟ್ರಿ ತೆಗೆದುಕೊಳ್ಳಲೇ ಎಂದು ಕೇಳುವ ವಿದ್ಯಾರ್ಥಿಗಳಿಗೆ

ಪಿಜಿ (ಸ್ನಾತಕೋತ್ತರ) ಸೀಟು ಆರಿಸುವ ದಿನಗಳು ಹತ್ತಿರವಾದಂತೆ, ಎಂಬಿಬಿಎಸ್ ಓದು ಮುಗಿಸಿ ಆಸ್ಪತ್ರೆಯಲ್ಲಿ ತರಬೇತಿ ಪಡೆಯುತ್ತಿರುವ ಕೆಲವು ಹೌಸ್ ಸರ್ಜನ್‌ಗಳು ನನ್ನ ಬಳಿ ಬಂದು, ಸೈಕಿಯಾಟ್ರಿ, ಅಂದರೆ ಮನೋವೈದ್ಯಶಾಸ್ತ್ರ, ತೆಗೆದುಕೊಳ್ಳುವ ಮನಸ್ಸಿದೆ, ಮನೆಯವರು ಒಪ್ಪುತ್ತಿಲ್ಲ ಎಂದು ಹೇಳಿಕೊಳ್ಳುತ್ತಾರೆ. “ಇಷ್ಟೆಲ್ಲ ಓದಿ ಕೊನೆಗೆ ಹುಚ್ಚಾಸ್ಪತ್ರೆ ಡಾಕ್ಟರ್ ಆಗ್ತೀಯಾ?” ಎಂದು ತಂದೆ ಕೇಳಿದರೆ, ಅದು ಲೋಕದ ಅಂಜಿಕೆ ಎಂದು ಅರ್ಥಮಾಡಿಕೊಳ್ಳಬಹುದು. ಆದರೆ ಅದರಲ್ಲಿ ಮೆಡಿಸಿನ್ ಎಲ್ಲಿದೆ ಎಂದು ಸಹಪಾಠಿಗಳೂ, ಕೆಲವೊಮ್ಮೆ ಕಲಿಸುವವರೂ ಕೇಳುವುದು ನನ್ನನ್ನು ಬಹಳ ನೋಯಿಸುತ್ತದೆ.

ಈ ಪ್ರಶ್ನೆಗೆ ಉತ್ತರ ನಮ್ಮ ಸೈಕಿಯಾಟ್ರಿ ವಾರ್ಡಿಗಿಂತ ಮೂಳೆ ವಾರ್ಡಿನಲ್ಲಿ ಬೇಗ ಸಿಗುತ್ತದೆ. ಬೈಕಿನಿಂದ ಬಿದ್ದು ತೊಡೆಮೂಳೆ ಮುರಿದುಕೊಂಡು ದಾಖಲಾದ ವ್ಯಕ್ತಿ ಮೂರನೆಯ ರಾತ್ರಿ ಡ್ರಿಪ್ ಕಿತ್ತೆಸೆದು, ಹೊದಿಕೆಯ ಮೇಲೆ ಇಲ್ಲದ ಇರುವೆಗಳನ್ನು ಹೆಕ್ಕತೊಡಗುತ್ತಾನೆ. ಇವನನ್ನು ಸೈಕಿಯಾಟ್ರಿಗೆ ಶಿಫ್ಟ್ ಮಾಡಿಕೊಳ್ಳಿ ಎಂದು ಕರೆ ಬರುತ್ತದೆ. ನಮ್ಮ ಪಿಜಿ ವಿದ್ಯಾರ್ಥಿ ಹೋಗಿ ನಾಡಿ ನೋಡಿ, ಬೆವರು ಮತ್ತು ಕೈನಡುಕವನ್ನು ಗಮನಿಸಿ, ಹೆಂಡತಿಯನ್ನು ಪಕ್ಕಕ್ಕೆ ಕರೆದು “ಕೊನೇ ಸಲ ಕುಡಿದಿದ್ದು ಯಾವಾಗಮ್ಮ?” ಎಂದು ಕೇಳಿದಾಗ, ಅದುವರೆಗೆ ಕೇಸ್ ಶೀಟಿನಲ್ಲಿ ಎಲ್ಲಿಯೂ ಇರದ ಸಂಗತಿ ಹೊರಬರುತ್ತದೆ. ಕುಡಿತ ಏಕಾಏಕಿ ನಿಂತ ಎರಡು ಮೂರು ದಿನಗಳಲ್ಲಿ ಏರುವ ಈ ಸನ್ನಿ ಪ್ರಾಣಕ್ಕೇ ಎರವಾಗಬಲ್ಲದು. ತಲೆಗೆ ಪೆಟ್ಟಾಗಿದೆಯೇ, ಸೋಡಿಯಂ ಇಳಿದಿದೆಯೇ ಎಂದು ಪರೀಕ್ಷಿಸುವುದು, ಸನ್ನಿಯನ್ನು ಶಮನಗೊಳಿಸುವ ಲೊರಾಜೆಪಾಮ್ ಆರಂಭಿಸುವುದು, ಗ್ಲುಕೋಸ್ ಏರಿಸುವ ಮೊದಲು ಥಯಾಮಿನ್ (ಬಿ1 ವಿಟಮಿನ್) ಕೊಡಲು ಮರೆಯದಿರುವುದು, ಇವೆಲ್ಲ ಮೆಡಿಸಿನ್ ಅಲ್ಲದೆ ಮತ್ತೇನು?

ಹೌಸ್ ಸರ್ಜನ್ಸಿಯಲ್ಲಿ ಸೈಕಿಯಾಟ್ರಿ ಪೋಸ್ಟಿಂಗ್ ಈಗ ಎರಡು ವಾರ ಕಡ್ಡಾಯವಾಗಿದೆ. ಅದು ಒಳ್ಳೆಯದು, ಆದರೆ ಸಾಲದು. ಖಿನ್ನತೆಯ ಔಷಧಿ ಗುಣ ತೋರಿಸಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ, ಅಷ್ಟರಲ್ಲಿ ಪೋಸ್ಟಿಂಗೇ ಮುಗಿದಿರುತ್ತದೆ. ಕಾಯಿಲೆ ಉಲ್ಬಣಿಸಿದಾಗಿನ ರೋಗಿಯನ್ನು ಮಾತ್ರ ನೋಡಿದ ವಿದ್ಯಾರ್ಥಿ, ಇಲ್ಲಿ ಯಾರೂ ಗುಣವಾಗುವುದಿಲ್ಲ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾನೆ. ಆದ್ದರಿಂದ ಪೋಸ್ಟಿಂಗ್ ಮುಗಿದ ಮೇಲೂ ಫಾಲೋ ಅಪ್ ದಿನದಂದು ಓಪಿಡಿಗೆ ಬನ್ನಿ. ಮೊದಲ ದಿನ ನೆಲ ನೋಡುತ್ತ ಕುಳಿತಿದ್ದ ಹೆಂಗಸು, ಒಂದೂವರೆ ತಿಂಗಳ ನಂತರ ಮೇವು ತಂದು ಹಾಲು ಕರೆಯುವಷ್ಟರಮಟ್ಟಿಗೆ ಚೇತರಿಸಿಕೊಂಡಿದ್ದನ್ನು ತಾನೇ ಹೇಳುವುದನ್ನು ಕೇಳಿದ ಮೇಲೆ ನಿರ್ಧಾರ ಮಾಡಿ.

ನಿಮ್ಹಾನ್ಸ್ ಮುನ್ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಮಾನಸಿಕ ಕಾಯಿಲೆಯಿತ್ತು. ಬಹುಪಾಲು ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಶೇ. 70ಕ್ಕಿಂತ ಹೆಚ್ಚಿತ್ತು. 1980ರ ದಶಕದಲ್ಲಿ ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರಗಳಿಗೇ ತಲುಪಿಸಲು ನಮ್ಮ ಬಳ್ಳಾರಿಯಲ್ಲಿ ನಡೆದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆ ಕಾರ್ಯಕ್ರಮ ಹಳ್ಳಿಗಳಲ್ಲಿ ಉಸಿರಾಡಬೇಕಾದರೆ ನಿಮ್ಮಂಥವರು ಬೇಕು.

ನೈಟ್ ಡ್ಯೂಟಿ ಕಡಿಮೆ ಎಂಬ ಒಂದೇ ಕಾರಣಕ್ಕೆ ಬರುವುದಾದರೆ ದಯವಿಟ್ಟು ಬರಬೇಡಿ. ನಿಮ್ಮದೇ ಮನಸ್ಸಿನ ನೋವಿಗೆ ಉತ್ತರ ಹುಡುಕುತ್ತಿದ್ದರೆ ಮೊದಲು ಚಿಕಿತ್ಸೆ ಪಡೆಯಿರಿ. ಅದರಿಂದ ನಿಮ್ಮ ಅರ್ಹತೆಯೇನೂ ಕಡಿಮೆಯಾಗದು. ಸೀಟು ಆರಿಸುವ ಮುನ್ನ ಆಯಾ ವಿಭಾಗದ ಪಿಜಿಗಳನ್ನು ಭೇಟಿಮಾಡಿ, ತಾವು ನೋಡಿಕೊಳ್ಳುತ್ತಿದ್ದ ರೋಗಿ ಆತ್ಮಹತ್ಯೆ ಮಾಡಿಕೊಂಡಾಗ ಹಿರಿಯ ವೈದ್ಯರು ಜೊತೆಯಲ್ಲಿ ಕುಳಿತು ಮಾತನಾಡಿದರೇ ಎಂದು ಕೇಳಿ. ಹೌದು ಎನ್ನುವ ಕಡೆ, ಊರು ದೂರವಾದರೂ, ಸೇರಿಕೊಳ್ಳಿ.