ಲೋಟಕ್ಕೆ ಸರಪಳಿ, ಸಿಲಿಂಡರಿಗೆ ಲಿಂಬಿಕಾಯಿ

ಕಬ್ಬಿನ ಹಂಗಾಮು ಹತ್ತಿರ ಬಂತೆಂದರೆ ಮುಧೋಳ, ಜಮಖಂಡಿ ಕಡೆ ರಸ್ತೆಬದಿಯ ವೆಲ್ಡಿಂಗ್ ಅಂಗಡಿಗಳ ಮುಂದೆ ಟ್ರೇಲರುಗಳ ಸಾಲು. ಅಂಗಡಿಯೊಳಗೆ ನೋಡಿ: ನೀರಿನ ಟಾಕಿಯ ಸ್ಟೀಲ್ ಲೋಟಕ್ಕೆ ಸರಪಳಿ ಇದೆ. ಗ್ರೈಂಡರ್ ಇಡುವ ಪೆಟ್ಟಿಗೆಗೆ ಕೀಲಿ ಇದೆ. ಚದರ ಸೆಂಟಿಮೀಟರಿಗೆ ಸುಮಾರು 150 ಕೆ.ಜಿ. ಒತ್ತಡ ತುಂಬಿಕೊಂಡ ಆಕ್ಸಿಜನ್ ಸಿಲಿಂಡರ್ ಮಾತ್ರ ಸರ್ವಸ್ವತಂತ್ರ.

"ಅದನ್ಯಾಂವ ಕದೀತಾನ್ರೀ ಸಾಹೇಬ್ರ? ಎತ್ತಾಕ ಇಬ್ರು ಬೇಕು!" ಅನ್ನುತ್ತಾರೆ ಮಿಸ್ತ್ರಿ.

ನಿಜ, ಕದಿಯುವವರು ಬೇಕಿಲ್ಲ. ಉರುಳಿಬಿದ್ದು ವಾಲ್ವಿನ ಕುತ್ತಿಗೆ ಮುರಿದರೆ ಅದು ಗೋಡೆ ಒಡೆದುಕೊಂಡು ತಾನೇ ಹೋಗುತ್ತದೆ. ಆ ಕುತ್ತಿಗೆ ಕಾಯಲೆಂದು ಕೊಟ್ಟ ಕಬ್ಬಿಣದ ಟೊಪ್ಪಿಗೆಯಲ್ಲಿ ಈಗ ನಟ್ಟು-ಬೋಲ್ಟು ವಾಸ.

ಸಾಗಾಟದ ವಿಷಯದಲ್ಲಿ ನಮ್ಮವರು ಕಾನೂನಿಗೆ ಬಹಳ ತಲೆಬಾಗುತ್ತಾರೆ. ತುಂಬಿದ ಸಿಲಿಂಡರನ್ನು ದ್ವಿಚಕ್ರ ವಾಹನದ ಮೇಲೆ ಒಯ್ಯಬಾರದೆಂದು ಗ್ಯಾಸ್ ಸಿಲಿಂಡರ್ ನಿಯಮ ಹೇಳುತ್ತದೆ. ಅದಕ್ಕೇ ಟಂಟಂನಲ್ಲಿ ಒಯ್ಯುತ್ತಾರೆ, ಗಾಲಿ ಮೂರಿವೆಯಲ್ಲ. ಆಕ್ಸಿಜನ್ ಜೊತೆ ಉರಿದು ಕಬ್ಬಿಣ ಕತ್ತರಿಸುವ ಗ್ಯಾಸು ಅಸಿಟಿಲಿನ್; ಅದರ ಸಿಲಿಂಡರನ್ನು ಅಡ್ಡ ಮಲಗಿಸಿ, ಅದರ ಮೇಲೆ ಹುಡುಗನನ್ನು ಕೂರಿಸಿ. ಆ ಸಿಲಿಂಡರೊಳಗೆ ಬರೀ ಗ್ಯಾಸಿಲ್ಲ. ಸಣ್ಣ ರಂಧ್ರಗಳ ಗಟ್ಟಿ ಪದಾರ್ಥ, ಅದು ಹೀರಿಕೊಂಡ ಅಸಿಟೋನು, ಅದರಲ್ಲಿ ಕರಗಿದ ಅಸಿಟಿಲಿನ್. ಮಲಗಿಸಿದ್ದನ್ನು ಎಬ್ಬಿಸಿದ ಕೂಡಲೇ ಹಚ್ಚಿದರೆ ಗ್ಯಾಸಿನ ಜೊತೆ ಅಸಿಟೋನೂ ಹೊರಬಂದು ಪೈಪು, ರೆಗ್ಯುಲೇಟರಿನ ವಾಷರು ತಿನ್ನುತ್ತದೆ. ನಿಲ್ಲಿಸಿ ಒಂದು ತಾಸಾದರೂ ಬಿಡಬೇಕು. ಟ್ರೇಲರಿನವನು ಐದು ನಿಮಿಷ ಬಿಡುವುದಿಲ್ಲ!

ಖಂಡೇಪೂಜೆಯ (ಆಯುಧಪೂಜೆಯ) ದಿನ ಮಾತ್ರ ಸಿಲಿಂಡರಿಗೆ ರಾಜಮರ್ಯಾದೆ. ಕರಿ ಬಣ್ಣದ ಆಕ್ಸಿಜನ್ನಿಗೆ ವಿಭೂತಿಯ ಮೂರು ಪಟ್ಟೆ, ಕೆಂಗಂದು ಅಸಿಟಿಲಿನ್ನಿಗೆ ಕರ್ಪೂರದಾರತಿ, ಎರಡರ ಕೊರಳಿಗೂ ಇಂಡಿ ಊರಿನ ಲಿಂಬಿಕಾಯಿ. ರೆಗ್ಯುಲೇಟರ್ ಮಿಂಚಲೆಂದು ನಾಲ್ಕು ಹನಿ ಕೊಬ್ಬರಿಎಣ್ಣೆ. ಇಲ್ಲಿ ದೇವರೂ ಗಾಬರಿಯಾಗಬೇಕು. ಒತ್ತಡದ ಆಕ್ಸಿಜನ್ನಿನಲ್ಲಿ ಎಣ್ಣೆ ಹೊತ್ತಿಕೊಳ್ಳಲು ಕಿಡಿಯೇ ಬೇಡ. ವಾಲ್ವನ್ನು ಒಮ್ಮೆಲೇ ತಿರುವಿದರೆ ರೆಗ್ಯುಲೇಟರಿನಲ್ಲಿ ಗ್ಯಾಸು ಒತ್ತಿಕೊಂಡು ಕಾಯುತ್ತದೆ, ಆ ಕಾವೇ ಸಾಕು. ಬೇರಿಂಗಿಗೆ ಗ್ರೀಸ್ ತುಂಬಿದ ಕೈಯಲ್ಲಿ ರೆಗ್ಯುಲೇಟರ್ ಮುಟ್ಟುವುದೂ ಇದೇ ಪೂಜೆ, ದಿನನಿತ್ಯದ್ದು. ಸರಿಯಾದ ರೀತಿಗೆ ಮಂತ್ರ ಬೇಡ: ಕೈ ಒರೆಸಿ, ರೆಗ್ಯುಲೇಟರ್ ಕೂಡಿಸುವ ಮೊದಲು ವಾಲ್ವನ್ನು ಕ್ಷಣಮಾತ್ರ ತೆರೆದು ಧೂಳು ಹಾರಿಸಿ, ಮುಚ್ಚಿ. ಕೂಡಿಸಿದ ಮೇಲೆ ಮೀಟರಿನ ಎದುರು ನಿಲ್ಲದೆ ಪಕ್ಕಕ್ಕೆ ಸರಿದು ಮೆಲ್ಲಗೆ ತಿರುವಿ. ಅಸಿಟಿಲಿನ್ನಿನ ನಟ್ಟಿಗೆ ಎಡ ಮರೆ (ಥ್ರೆಡ್), ಎಡಕ್ಕೆ ತಿರುವಿದರೆ ಬಿಗಿಯುತ್ತದೆ. ಗುರುತಿಗೆಂದು ನಟ್ಟಿನ ಮೂಲೆಗಳಲ್ಲಿ ಗೀರು ಇರುತ್ತದೆ. ಬಲಕ್ಕೆ ತಿರುವಿ "ಕೂಡ್ರವಲ್ದು" ಎಂದು ಸುತ್ತಿಗೆ ಎತ್ತಬೇಡಿ. ಕೆಲಸದ ಹೊತ್ತಿಗೆ ಪೈಪಿನಲ್ಲಿ ಅಸಿಟಿಲಿನ್ನಿನ ಒತ್ತಡ ಚದರ ಸೆಂಟಿಮೀಟರಿಗೆ 1 ಕೆ.ಜಿ. ದಾಟಬಾರದು. ಸೋರಿಕೆಯನ್ನು ಸಾಬಾಣದ ನೊರೆ ಹಚ್ಚಿ ನೋಡಬೇಕು. ಕಡ್ಡಿ ಗೀರಿ ನೋಡುವವರಿಗೂ ಉತ್ತರ ಸಿಗುತ್ತದೆ, ಕೇಳಲು ಅವರಿರುವುದಿಲ್ಲ.

ದಾಸ್ತಾನಿನಲ್ಲಿ ಆಕ್ಸಿಜನ್ನಿಗೂ ಅಸಿಟಿಲಿನ್ನಿಗೂ 6 ಮೀಟರ್ ಅಂತರ, ಇಲ್ಲವೇ ನಡುವೆ ಬೆಂಕಿ ತಡೆಯುವ 1.5 ಮೀಟರ್ ಎತ್ತರದ ಗೋಡೆ ಬೇಕು. ನಮ್ಮಲ್ಲಿ ಎರಡರ ನಡುವೆ ಇರುವುದು ಚಹಾದ ಸ್ಟೋವು. ಮಾರ್ಚ್ 4ರ ಸುರಕ್ಷತಾ ದಿನಕ್ಕೆ ಕಾರ್ಖಾನೆಗಳು ಬ್ಯಾನರ್ ಕಟ್ಟುತ್ತವೆ, ಪ್ರತಿಜ್ಞೆ ಓದುತ್ತವೆ. ಬ್ಯಾನರಿನ ಹಗ್ಗದ ತುದಿ ಸಿಲಿಂಡರಿಗಿದ್ದರೆ, ಅವತ್ತೊಂದು ದಿನವಾದರೂ ಅದನ್ನು ಕಟ್ಟಿಹಾಕಿದ ಪುಣ್ಯ.

ಇನ್ನು ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್. ಟಾರ್ಚಿನಿಂದ, ಅಂದರೆ ಮಿಸ್ತ್ರಿ ಕೈಯಲ್ಲಿ ಹಿಡಿಯುವ ಉರಿಯುವ ನಳಿಗೆಯಿಂದ, ಹಿಂದಕ್ಕೆ ಓಡಿಬರುವ ಬೆಂಕಿಯನ್ನು ಸಿಲಿಂಡರ್ ಮುಟ್ಟದಂತೆ ತಡೆಯುವ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಸಾಮಾನು. ಎರಡೂ ರೆಗ್ಯುಲೇಟರಿಗೆ ಒಂದೊಂದು ಬೇಕು. ಯಾವಾಗ ಹಾಕಿಸುತ್ತೀರೆಂದು ಕೇಳಿದರೆ ಮಿಸ್ತ್ರಿಯ ಉತ್ತರ ತಯಾರಿದೆ:

"ಟ್ರೇಲರಿನವ್ರು ಬಾಕಿ ಕೊಡ್ಲಿ, ಹಾಕಸೂಣ್ರಿ. ಅವ್ರಿಗೆ ಹ್ವಾದ ವರ್ಷದ ಕಬ್ಬಿನ ಬಿಲ್ಲ ಇನ್ನೂ ಬಂದಿಲ್ಲಂತ."