ಎರಡೂ ಲೆಗ್ ಪೀಸು ನನಗೇ

ಹಲ್ಲಿಗೆ ಕಟಕ್ ಅಂತ ಏನೋ ಸಿಕ್ಕಿತು. ಮೆಣಸಿನ ಕಾಳಿರಬೇಕು ಅಂದುಕೊಂಡು ಇನ್ನೊಂದು ಸಲ ಅಗಿದೆ. ಅದೇ ತಪ್ಪಾಯಿತು. ಬೆರಳು ಹಾಕಿ ತೆಗೆದು ನೋಡಿದರೆ ಬಂದೂಕಿನ ಸಣ್ಣ ಗುಂಡು. ತಟ್ಟೆಗೆ ಹಾಕಿದೆ, ಟಿಣ್ ಅಂತು. ಅಮೆರಿಕದಲ್ಲಿ ಒಮ್ಮೆಯಾದರೂ ಹಲ್ಲಿನ ಡಾಕ್ಟರ ಬಿಲ್ಲು ಕಟ್ಟಿದವರಿಗೆ ನನ್ನ ಎದೆ ಆಗ ಹೇಗೆ ಹೊಡೆದುಕೊಂಡಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಕಾಡು ಟರ್ಕಿ ಕೋಳಿಯ ರುಚಿ ಹೇಗಿರುತ್ತದೆ ಅಂತ ಊರಿಂದ ಭಾವ ಕೇಳಿದ್ದರು. ತಿಂದು ಹೇಳ್ತೀನಿ ಅಂದಿದ್ದೆ. ಹೇಳುತ್ತೇನೆ, ಸ್ವಲ್ಪ ತಾಳಿ.

ನಾನಿರುವುದು ಮೆಸಾಚುಸೆಟ್ಸ್‌ನ ಒಂದು ಸಣ್ಣ ಊರಿನಲ್ಲಿ. 1851ರ ಹೊತ್ತಿಗೆ ಈ ರಾಜ್ಯದಲ್ಲಿ ಕಾಡು ಟರ್ಕಿ ಒಂದೂ ಉಳಿದಿರಲಿಲ್ಲ. ಕಾಡು ಕಡಿದರು, ಕಂಡಲ್ಲಿ ಹೊಡೆದು ತಿಂದರು. 1972–73ರಲ್ಲಿ ಪಕ್ಕದ ನ್ಯೂಯಾರ್ಕ್ ರಾಜ್ಯದಿಂದ 37 ಹಕ್ಕಿ ತಂದು ಬಿಟ್ಟರು. ಈಗ 25 ಸಾವಿರಕ್ಕೂ ಜಾಸ್ತಿ ಇವೆಯಂತೆ. ಅದರಲ್ಲಿ ಅರ್ಧ ನಮ್ಮ ಬೀದಿಯಲ್ಲೇ ಇವೆ ಅನ್ನೋದು ನನ್ನ ಲೆಕ್ಕ. ಬೆಳಿಗ್ಗೆ ಆಫೀಸಿಗೆ ಹೊರಟರೆ ದಿಬ್ಬಣದ ಥರ ರಸ್ತೆ ದಾಟುತ್ತಿರುತ್ತವೆ. ಹಾರ್ನ್ ಹೊಡೆದರೆ ನಿಂತು ನೋಡುತ್ತವೆ. ಕಾರಿನ ಬಾಗಿಲಲ್ಲಿ ತನ್ನದೇ ಬಿಂಬ ಕಂಡರೆ ಗಂಡು ಟರ್ಕಿಗೆ ಅದು ಬೇರೆ ಗಂಡು. ಕುಕ್ಕಿ ಕುಕ್ಕಿ ನನ್ನ ಕಾರಿನ ಬಣ್ಣ ಎಬ್ಬಿಸಿದೆ. ಹಾಗಾಗಿ ಇವುಗಳ ಮೇಲೆ ನನಗೆ ಕರುಣೆ ಸ್ವಲ್ಪ ಕಡಿಮೆ.

ಏಪ್ರಿಲ್ ಕೊನೆಗೆ ಬೇಟೆ ಶುರು. ಪಕ್ಕದ ಮನೆಯವನು ಬೆಳಕು ಹರಿಯೋ ಮುಂಚೆ ಎಲೆ ಬಣ್ಣದ ಬಟ್ಟೆ ತೊಟ್ಟು ಕಾಡಿನಲ್ಲಿ ಮರಕ್ಕೊರಗಿ ಕೂರುತ್ತಾನೆ. ಕೈಯಲ್ಲಿ ಒಂದು ಮರದ ಪೆಟ್ಟಿಗೆ. ಅದರ ಮುಚ್ಚಳ ಉಜ್ಜಿದರೆ ಹೆಣ್ಣು ಟರ್ಕಿಯ ದನಿ ಬರುತ್ತದೆ. ಗಂಡು ಎದೆ ಉಬ್ಬಿಸಿಕೊಂಡು, ಬಾಲ ಬಿಚ್ಚಿಕೊಂಡು ಬರುತ್ತದೆ. ಪಾಪ. ಆ ಮಾಂಸವನ್ನು ಇಲ್ಲಿ ಮಾರುವ ಹಾಗಿಲ್ಲ. ಹೊಡೆದವನು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಅವನು ಎದೆ ಭಾಗ ಬಿಡಿಸಿಕೊಂಡು, ಉಪ್ಪು ಸಕ್ಕರೆ ನೀರಿನಲ್ಲಿ ರಾತ್ರಿಯೆಲ್ಲಾ ನೆನೆಹಾಕಿ, ತೆಳ್ಳಗೆ ಕೊಯ್ದು, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಕರಿಯುತ್ತಾನೆ. ಕೊಬ್ಬೇ ಇಲ್ಲದ ಮಾಂಸ. ಎರಡು ನಿಮಿಷ ಜಾಸ್ತಿ ಬಿಟ್ಟರೆ ಸೌದೆ. ನನಗೂ ಒಂದು ತುಂಡು ಕೊಟ್ಟ. ಚೆನ್ನಾಗಿತ್ತು.

"ಮತ್ತೆ ಕಾಲು?" ಅಂದೆ.

"ಕಾಲಾ? ಬಿಸಾಕ್ತೀನಿ. ಅದನ್ನ ಯಾರು ತಿಂತಾರೆ?"

ನನಗೆ ನಿಜವಾಗಿಯೂ ಕೋಪ ಬಂತು. ಇವನೊಬ್ಬನೇ ಅಲ್ಲ, ಇಲ್ಲಿ ತುಂಬಾ ಬೇಟೆಗಾರರು ಎದೆ ಮಾತ್ರ ತೆಗೆದುಕೊಂಡು ಮಿಕ್ಕಿದ್ದು ಬಿಡುತ್ತಾರೆ. ಲೆಗ್ ಪೀಸ್ ಬಿಸಾಕೋದಾ? ಲೆಗ್ ಪೀಸ್ ಅಂದರೇನು ಅಂತ ಇವನಿಗೆ ಹೇಗೆ ತಿಳಿಸಲಿ?

ಮದ್ದೂರು ಕಡೆಯ ಹಳ್ಳಿ ನಮ್ಮದು. ಐದು ಜನ ಮಕ್ಕಳು, ನಾನು ನಾಲ್ಕನೆಯವನು. ಕೋಳಿಗೆ ಕಾಲು ಎರಡೇ. ಒಂದು ಬಂದ ನೆಂಟರಿಗೆ. ಇನ್ನೊಂದು ಅಣ್ಣನಿಗೆ, ಯಾಕಂದರೆ ಅವನು ಎಸ್‌ಎಸ್‌ಎಲ್‌ಸಿ ಓದುತ್ತಿದ್ದ. ಅವನು ಮೂರು ವರ್ಷ ಎಸ್‌ಎಸ್‌ಎಲ್‌ಸಿ ಓದಿದ. ಲಿವರ್ ಅಜ್ಜಿಗೆ, ಹಲ್ಲಿಲ್ಲ ಅಂತ. ನನ್ನ ಪಾಲಿಗೆ ಕುತ್ತಿಗೆ. "ಕುತ್ತಿಗೇಲೇ ರುಚಿ ಜಾಸ್ತಿ ಕಣೋ, ಚೀಪು" ಅನ್ನುತ್ತಿದ್ದಳು ಅವ್ವ. ಅಷ್ಟು ರುಚಿ ಇದ್ದರೆ ನೆಂಟರಿಗೆ ಯಾಕೆ ಹಾಕಲ್ಲ ಅಂತ ಕೇಳಿ ಒಂದು ಸಲ ಸೌಟಿನಲ್ಲಿ ಏಟು ತಿಂದಿದ್ದೆ.

ಒಂದು ವರ್ಷ ಹೊಸತೊಡಕಿನ ದಿನ. ಯುಗಾದಿಗೆ ಮುಂಚೆ ನನಗೆ ಎಂಟು ದಿನ ಜ್ವರ ಬಂದು ಬಿಟ್ಟಿತ್ತು. ಅವ್ವನಿಗೆ ಕರುಳು ಚುರುಕ್ ಅಂದಿರಬೇಕು. ಮಂಕರಿ ಕೆಳಗೆ ಕವುಚಿದ್ದ ಹುಂಜವನ್ನು ಅಪ್ಪ ಕೊಯ್ದ. ಮುದ್ದೆ ಬಿತ್ತು, ಸಾರು ಬಿತ್ತು, ಆಮೇಲೆ ಸೌಟಿನ ತುಂಬ ಒಂದು ಲೆಗ್ ಪೀಸು ನನ್ನ ತಟ್ಟೆಗೆ ಬಿತ್ತು. ಅಣ್ಣ ನೋಡಿದ, ಅಕ್ಕ ನೋಡಿದಳು. ನಾನು ತಕ್ಷಣ ತಿನ್ನಲಿಲ್ಲ. ಎಲ್ಲರೂ ಚೆನ್ನಾಗಿ ನೋಡಲಿ ಅಂತ ಮುದ್ದೆ ಪಕ್ಕಕ್ಕೆ ಒರಗಿಸಿ ಇಟ್ಟೆ. ಮೊದಲು ಮುದ್ದೆ ಮುರಿದು ನುಂಗಿದೆ. ಆ ಜಂಬವೇ ನನ್ನನ್ನು ಕೆಡಿಸಿದ್ದು.

ಹೊರಗೆ ಲೂನಾ ನಿಂತ ಸದ್ದು. ದೊಡ್ಡಕ್ಕನ ಗಂಡ! ಹೇಳದೆ ಕೇಳದೆ ಬಂದಿದ್ದರು. ಇನ್ನೊಂದು ಕಾಲು ಆಗಲೇ ಅಣ್ಣನ ಹೊಟ್ಟೆ ಸೇರಿತ್ತು. ಅವ್ವ ಒಂದು ಮಾತೂ ಆಡಲಿಲ್ಲ. ನನ್ನ ತಟ್ಟೆಯಿಂದ ಲೆಗ್ ಪೀಸ್ ಎತ್ತಿ, ಸಾರಿನಲ್ಲಿ ಒಂದು ಸಲ ಅದ್ದಿ, ಭಾವನ ತಟ್ಟೆಗೆ ಹಾಕಿದಳು. ನನಗೆ ಬೆನ್ನಿನ ಮೂಳೆ ಬಂತು. ಭಾವ ನಿಧಾನಕ್ಕೆ ತಿಂದರು. ಮೂಳೆ ಕಚ್ಚಿ ಒಳಗಿನದನ್ನೂ ಹೀರಿದರು. ಕೈ ತೊಳೆಯುವಾಗ ಹೇಳಿದರು: "ಇನ್ನೊಂದು ಚೂರು ಬೇಯಬೇಕಿತ್ತು."

ನಲವತ್ತು ವರ್ಷ ಆಯಿತು. ಆ ಮಾತು ಹಾಗೇ ಕೂತಿದೆ.

ಇದನ್ನೆಲ್ಲ ಪಕ್ಕದ ಮನೆಯವನಿಗೆ ಹೇಳಲಿಲ್ಲ. "ಕಾಲು ನನಗೆ ಕೊಡಪ್ಪ" ಅಂದೆ. ಕವರಿನಲ್ಲಿ ಹಾಕಿ ಎರಡೂ ಕೊಟ್ಟ. ಒಂದೊಂದೂ ನನ್ನ ಮೊಣಕೈ ಉದ್ದ. ಕುಕ್ಕರಿನ ಮುಚ್ಚಳ ಮುಚ್ಚಲಿಲ್ಲ, ಕೀಲಿನ ಹತ್ತಿರ ಕಡಿದೆ. ಈರುಳ್ಳಿ, ಬೆಳ್ಳುಳ್ಳಿ, ಧನಿಯಾ, ಚಕ್ಕೆ, ಲವಂಗ, ಗಸಗಸೆ, ಫ್ರೀಜರಿನ ತೆಂಗಿನ ತುರಿ. ಅವ್ವ ಮುದಿ ಹುಂಜಕ್ಕೆ ಹಾಕುತ್ತಿದ್ದ ಪರಂಗಿಕಾಯಿ ಮಾತ್ರ ಈ ಊರಲ್ಲಿ ಸಿಗಲಿಲ್ಲ. ನಾಟಿ ಕೋಳಿಯ ಲೆಕ್ಕದಲ್ಲಿ ಐದು ವಿಶಲ್ ಕೂಗಿಸಿದೆ. ತೆಗೆದು ಚುಚ್ಚಿದರೆ ಫೋರ್ಕ್ ವಾಪಸ್ ಬಂತು. ಇನ್ನೂ ಐದು. ಇಲ್ಲ. ಇಲ್ಲಿಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅಂಗಡಿಯಲ್ಲಿ ಸಿಗುವ ಬಿಳಿ ಟರ್ಕಿ ಹಾರಲಾರದು, ತಿಂದು ಕೂತು ಎದೆ ಬೆಳೆಸಿಕೊಳ್ಳುತ್ತದೆ. ಇದು ದಿನವಿಡೀ ಓಡಾಡಿ, ರಾತ್ರಿ ಮರದ ಮೇಲೆ ಹಾರಿ ಮಲಗುವ ಪ್ರಾಣಿ. ಕಾಲಿನಲ್ಲಿರುವುದು ಮಾಂಸವೋ ಹಗ್ಗವೋ. ನಡುವೆ ನರಗಳು ಮೂಳೆಯಷ್ಟೇ ಗಟ್ಟಿಯಾಗಿ ಪೊರಕೆ ಕಡ್ಡಿಯ ಥರ ನಿಂತಿರುತ್ತವೆ, ಒಂದೊಂದಾಗಿ ಎಳೆದು ಹಾಕಬೇಕು. ಹನ್ನೆರಡು ಕಡ್ಡಿ ತಟ್ಟೆಯ ಪಕ್ಕದಲ್ಲಿ ಜೋಡಿಸಿಟ್ಟೆ. ಹದಿನಾರನೇ ವಿಶಲ್‌ಗೆ ಹೆಂಡತಿ ಬಾಗಿಲು ಹಾಕಿಕೊಂಡು ಮಲಗಿದಳು.

ರಾತ್ರಿ ಹತ್ತೂವರೆಗೆ ಊಟಕ್ಕೆ ಕೂತೆ. ಸಾರು ಕಪ್ಪಗೆ, ಘಮ್ ಅಂತಿತ್ತು. ಎರಡೂ ಲೆಗ್ ಪೀಸು ನನ್ನ ತಟ್ಟೆಯಲ್ಲಿ. ಕಚ್ಚಿದೆ. ಕಟಕ್.

ನಾನು ಯಾವಾಗಲೂ ತಲೆಗೇ ಗುರಿ ಇಡೋದು ಅಂತ ಹೇಳುತ್ತಿರುತ್ತಾನೆ ಪಕ್ಕದ ಮನೆಯವನು. ಕಾಲಿಗೆ ಹೇಗೆ ಬಂತು ಅಂತ ನಾನು ಕೇಳಲಿಲ್ಲ.

ಮಾರನೇ ದಿನ ಊರಿಗೆ ಫೋನ್ ಮಾಡಿದೆ. "ಭಾವ, ಎರಡೂ ಲೆಗ್ ಪೀಸು ನಾನೇ ತಿಂದೆ. ಒಬ್ಬನೇ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಬೆಂದಿತ್ತಾ?" ಅಂದರು.