ಸೋತ ಸೇನಾಪತಿಯ ಶಾಲಾ ಜಿಲ್ಲೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯಕ್ಕೆ 1960ರ ದಶಕದಲ್ಲಿ ವಿಲೀನದ ಹುಚ್ಚು ಹಿಡಿಯಿತು. ಅಲ್ಲಿ ಸರ್ಕಾರಿ ಶಾಲೆಗಳನ್ನು ನಡೆಸುವುದು ತನ್ನದೇ ಗಡಿಯುಳ್ಳ ‘ಶಾಲಾ ಜಿಲ್ಲೆ’ ಎಂಬ ಸ್ಥಳೀಯ ಆಡಳಿತ ಘಟಕ. ಸಣ್ಣಪುಟ್ಟ ಶಾಲಾ ಜಿಲ್ಲೆಗಳು ಬೇಡ, ಒಂದೊಂದರಲ್ಲೂ ಕನಿಷ್ಠ 4,000 ಮಕ್ಕಳಿರಲಿ ಎಂದು 1963ರಲ್ಲಿ ಕಾನೂನೇ ಬಂತು. ಉದ್ದೇಶ ಘನವಾದದ್ದು. ಪಿಟ್ಸ್‌ಬರ್ಗ್ ಹೊರವಲಯದಲ್ಲಿ ಅದನ್ನು ಜಾರಿಗೆ ತಂದ ಬಗೆ ಇನ್ನೂ ಘನವಾದದ್ದು.

ಅಲ್ಲಿ ಬ್ರ್ಯಾಡಕ್ ಎಂಬ ಊರಿದೆ. ಆಂಡ್ರ್ಯೂ ಕಾರ್ನೆಗಿಯ ಉಕ್ಕಿನ ಕಾರ್ಖಾನೆ 1875ರಲ್ಲಿ ಶುರುವಾದದ್ದು ಇಲ್ಲೇ. ಹಣ ಕಾರ್ನೆಗಿಗೆ ಹೋಯಿತು, ಹೊಗೆ ಊರಿಗೆ ಉಳಿಯಿತು. ಅನುಕೂಲಸ್ಥ ಬಿಳಿಯರು ಬೇರೆ ಬಡಾವಣೆಗಳಿಗೆ ಗಂಟುಮೂಟೆ ಕಟ್ಟಿದರು. ಉಳಿದವರಲ್ಲಿ ಕಪ್ಪು ಜನರು ಹೆಚ್ಚು, ಬಡವರು ಇನ್ನೂ ಹೆಚ್ಚು.

ವಿಲೀನದ ಮಾತು ಬಂದಾಗ ನೆರೆಯ ಚರ್ಚಿಲ್, ಎಡ್ಜ್‌ವುಡ್, ಸ್ವಿಸ್‌ವೇಲ್, ಟರ್ಟಲ್ ಕ್ರೀಕ್‌ಗಳಲ್ಲಿ ಯಾರಿಗೂ ಬ್ರ್ಯಾಡಕ್‌ನ ಜಾತಕ ಕೂಡಿಬರಲಿಲ್ಲ. ಅಧಿಕಾರಿಗಳು ಬ್ರ್ಯಾಡಕ್, ನಾರ್ತ್ ಬ್ರ್ಯಾಡಕ್, ರ‍್ಯಾಂಕಿನ್ ಎಂಬ ಮೂರು ಬಡ ಊರುಗಳನ್ನೇ ಒಂದಕ್ಕೊಂದು ಗಂಟುಹಾಕಿ ಕೈತೊಳೆದುಕೊಂಡರು. 4,000 ಮಕ್ಕಳ ನಿಯಮ ಏನಾಯಿತು? ಎಡ್ಜ್‌ವುಡ್‌ನಲ್ಲಿ ಹಸುಗೂಸಿನಿಂದ ಹಣ್ಣುಮುದುಕರವರೆಗೆ ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸಿದರೂ ಐದು ಸಾವಿರದ ಆಸುಪಾಸು. ಅದು ಮಾತ್ರ ಪ್ರತ್ಯೇಕ ಜಿಲ್ಲೆಯಾಗಿಯೇ ಮೆರೆಯಿತು. ನಿಯಮಕ್ಕೂ ವಿಳಾಸ ನೋಡಿ ನಡೆದುಕೊಳ್ಳುವ ಸೌಜನ್ಯವಿತ್ತು.

ಹೊಸ ಜಿಲ್ಲೆಗೆ ‘ಜನರಲ್ ಬ್ರ್ಯಾಡಕ್’ ಎಂದು ನಾಮಕರಣವಾಯಿತು. ಹೆಸರಿಟ್ಟವರ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಈ ಜನರಲ್ ಮಹಾಶಯ 1755ರಲ್ಲಿ ಅದೇ ನೆಲದಲ್ಲಿ ಫ್ರೆಂಚರಿಗೂ ಅವರ ಮೂಲನಿವಾಸಿ ಮಿತ್ರರಿಗೂ ಸೋತು, ಗುಂಡೇಟು ತಿಂದು, ಕೆಲವೇ ದಿನಗಳಲ್ಲಿ ಪ್ರಾಣಬಿಟ್ಟ ಬ್ರಿಟಿಷ್ ಸೇನಾಪತಿ. ಮಕ್ಕಳ ಭವಿಷ್ಯವನ್ನು ಇಷ್ಟು ಸ್ಪಷ್ಟವಾಗಿ ಬೋರ್ಡಿನ ಮೇಲೆಯೇ ಬರೆದುಕೊಂಡ ಶಾಲಾ ಜಿಲ್ಲೆ ಇನ್ನೊಂದಿರಲಾರದು.

ಪೋಷಕರು 1971ರಲ್ಲಿ ಫೆಡರಲ್ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಗಡಿ ಎಳೆದಿರುವುದೇ ಜನಾಂಗೀಯ ಪ್ರತ್ಯೇಕತೆ, ಇದು ಸಂವಿಧಾನಕ್ಕೆ ವಿರುದ್ಧ, 45 ದಿನಗಳಲ್ಲಿ ಪರಿಹಾರ ಯೋಜನೆ ತನ್ನಿ ಎಂದು ನ್ಯಾಯಾಧೀಶ ಜೆರಾಲ್ಡ್ ವೆಬರ್ 1973ರಲ್ಲಿ ಆದೇಶಿಸಿದರು. ಸರ್ಕಾರಿ ಕಚೇರಿಯ 45 ದಿನ ಎಷ್ಟು ಉದ್ದವೆಂದು ವಿಧಾನಸೌಧದ ಮೆಟ್ಟಿಲು ಸವೆಸಿದ ನಮಗೆ ಯಾರೂ ವಿವರಿಸಬೇಕಿಲ್ಲ. ಅವು ಮುಗಿಯುವಷ್ಟರಲ್ಲಿ 1981 ಬಂದಿತ್ತು. ಆದೇಶದ ವರ್ಷ ಒಂದನೇ ತರಗತಿಗೆ ಸೇರಿದ್ದ ಮಗು ಹೈಸ್ಕೂಲಿನ ಹೊಸ್ತಿಲಲ್ಲಿ ನಿಂತಿತ್ತು. ಕೊನೆಗೆ ವೆಬರ್ ಐದೂ ಜಿಲ್ಲೆಗಳನ್ನು ತಾವೇ ಒಂದು ಮಾಡಿದರು. ಅದೇ ವುಡ್‌ಲ್ಯಾಂಡ್ ಹಿಲ್ಸ್. ಮೇಲ್ಮನವಿ ಇತ್ಯಾದಿ ಶಾಸ್ತ್ರಗಳೂ ನಡೆದು ವಿಫಲವಾದವು.

ಇವತ್ತು ಹೈಸ್ಕೂಲ್ ಇರುವುದು ಚರ್ಚಿಲ್‌ನಲ್ಲಿ, ಅಮೆರಿಕನ್ ಫುಟ್‌ಬಾಲ್ ಕ್ರೀಡಾಂಗಣ ಟರ್ಟಲ್ ಕ್ರೀಕ್‌ನಲ್ಲಿ. ಶಾಲೆಯ ಖ್ಯಾತಿಯೆಲ್ಲ ಫುಟ್‌ಬಾಲಿನದು. ಮುಂದೆ ಆ ಆಟದ ವೃತ್ತಿಪರ ತಾರೆಯಾದ ಜೇಸನ್ ಟೇಲರ್ ಇಲ್ಲಿಯ ಹುಡುಗ. ಅಂಥದೇ ಇನ್ನೊಬ್ಬ ತಾರೆ ರಾಬ್ ಗ್ರಾಂಕೋವ್ಸ್ಕಿಯಂತೂ ಪಕ್ಕದ ನ್ಯೂಯಾರ್ಕ್ ರಾಜ್ಯದಿಂದ ಬಂದು ಹೈಸ್ಕೂಲಿನ ಕೊನೆಯ ವರ್ಷ ಇಲ್ಲಿ ಸೇರಿದ. ಆತನನ್ನು ಶಾಲೆ ಇಂದಿಗೂ ತನ್ನವನೆಂದೇ ಎಣಿಸುತ್ತದೆ. ರ‍್ಯಾಂಕಿನ್ ಇರುವುದು ಚರ್ಚಿಲ್‌ನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ. ಅಲ್ಲಿನ ಮಕ್ಕಳು ತನ್ನವರೆನಿಸಿಕೊಳ್ಳಲು ಹತ್ತು ವರ್ಷದ ಮೊಕದ್ದಮೆ ಬೇಕಾಯಿತು.